ಬೀಗದ ಕೈಗೆ ಬೆರಳು

ದಾರಾನ ಅಷ್ಟು ಬಿಗಿಯಾಗಿ ಹಿಡೀಬೇಡ, ಎನ್ನುತ್ತಾಳೆ ಒಬ್ದುಲಿಯಾ,
ಅದೇನು ಗಾಡಿಯಲ್ಲ, ಜಾರಿ ಸಮುದ್ರಕ್ಕೆ ಬೀಳೋದಿಲ್ಲ.

ನನಗೇನು ಗೊತ್ತು.
ಮೂವತ್ತೊಂದು ವರ್ಷ ವಾಲ್ಪರಾಯಿಸೊದ ಈ ಗುಡ್ಡದ ನೆತ್ತಿಯಲ್ಲಿ
ಹಗ್ಗದ ಗಾಡಿಯ ಬ್ರೇಕು ಹಿಡಿದು ಕೂತವನು.
ಹೆಬ್ಬೆರಳ ಗಾತ್ರದ ಉಕ್ಕಿನ ಹಗ್ಗ, ಅದರ ಗ್ರೀಸು,
ಒಂದು ಡಬ್ಬಿ ಮೇಲೆ ಬಂದರೆ ಇನ್ನೊಂದು ಕೆಳಗೆ;
ಬಿಗಿ ಹಿಡಿಯುವುದೇ ನಾನು ಕಲಿತ ವಿದ್ಯೆ.
ಈಗ ಬೆರಳ ಸಂದಿಯಲ್ಲಿ ಹಳದಿ ಹತ್ತಿಯ ನೂಲು,
ಎರಡೂವರೆ ಮಿಲಿಮೀಟರಿನ ಕೊಕ್ಕೆ,
ಪಕ್ಕದ ಮನೆಯ ನೆಲ್ಡಾ ಕೊಟ್ಟದ್ದು, ನಗು ತಡೆದುಕೊಂಡು.

ಮೊದಲು ಕುಣಿಕೆ.
ತೋರುಬೆರಳಿಗೆ ಎರಡು ಸುತ್ತು, ಕೊಕ್ಕೆ ಒಳಗೆ, ದಾರ ಹೊರಗೆ.
ಬಾಲ ಎಳೆದರೆ ಮುಚ್ಚಿಕೊಳ್ಳುವ ಬಾಯಿ ಅದು.
"ಈಗಲೇ ಎಳೀಬೇಡ," ಒಲೆಯ ಕಡೆ ಮುಖ ಮಾಡಿಯೇ ಹೇಳುತ್ತಾಳೆ,
"ಎಲ್ಲ ಎಸಳೂ ಬಂದು ಕೂರಲಿ, ಆಮೇಲೆ."
ಕಾಣದೆ ಹೇಗೆ ತಿಳಿಯಿತು?
ನನ್ನ ಉಸಿರು ಕೇಳಿಸುತ್ತದಂತೆ.

ಸರಪಳಿ ಮೂರು. ಕಂಬ ಎರಡು. ಮತ್ತೆ ಸರಪಳಿ ಮೂರು.
ಕುಣಿಕೆಯ ನಡುವಿಗೇ ಇಳಿದು ಒಂದು ಗಂಟು.
ಒಂದು ಎಸಳು.
ಹೆಸರಿಗೆ ಎಸಳು, ನೋಡಿದರೆ ಹಿಂಡಿ ಬಿಸಾಡಿದ ನಿಂಬೆ ಹೋಳು.

ಅವಳ ಕಣ್ಣಿನ ಅಂಚುಗಳು ಮೊದಲು ಹೋದವು.
ನಡುವಿನದು ಒಂದಷ್ಟು ಕಾಲ ಉಳಿದಿತ್ತು,
ಕೊಳವೆಯೊಳಗಿಂದ ನನ್ನ ಮೂಗನ್ನಷ್ಟೇ ನೋಡುತ್ತ ನಗುತ್ತಿದ್ದಳು.
ಡಾಕ್ಟರು ಹನಿಮದ್ದು ಬರೆದು ಬಾಗಿಲ ತನಕ ಬಂದು ಕೈ ಕುಲುಕಿದರು.
ಬಾಗಿಲ ತನಕ ಬರುವ ಡಾಕ್ಟರನ್ನು ನಾನು ನಂಬುವುದಿಲ್ಲ.

ಜುಲೈ ಚಳಿಯ ಒಂದು ಸಂಜೆ ರೊಟ್ಟಿ ತರಲು ಹೋದವಳು
ನಮ್ಮದೇ ಬಾಗಿಲ ಹೊರಗೆ ನಿಂತಿದ್ದಳು,
ಗೊಂಚಲಿನ ಐದನ್ನೂ ಒಂದೊಂದಾಗಿ ತುರುಕಿ ನೋಡುತ್ತ.
ಬಂದರಿನ ಗಾಳಿ ತಗಡಿನ ಗೋಡೆ ಬಡಿಯುತ್ತಿತ್ತು.
ನಾನು ಒಳಗೆ ರೇಡಿಯೋದಲ್ಲಿ ಫುಟ್‌ಬಾಲು ಕೇಳುತ್ತಿದ್ದೆ.
ರೊಟ್ಟಿ ಆರಿತ್ತು. ಅವಳು ಬೈಯಲಿಲ್ಲ.
ಬೈದಿದ್ದರೆ ಈ ಕೊಕ್ಕೆ ಹಿಡಿಯುತ್ತಿರಲಿಲ್ಲವೇನೋ.

ಬೀಗದ ಕೈಗೆ ಕೈ ಎಂಬ ಹೆಸರಷ್ಟೇ, ಬೆರಳಿಲ್ಲ.
ಬೆರಳು ಹೆಣೆಯುತ್ತಿದ್ದೇನೆ.
ಬೀದಿಯ ಗೇಟಿಗೆ ನಾಲ್ಕು ಎಸಳು, ಮುಂಬಾಗಿಲಿಗೆ ಐದು,
ಗ್ಯಾಸಿನ ಗೂಡಿಗೆ ಮೂರು.
ಮೂರೆಸಳಿನದು ಹೂವೇ ಅಲ್ಲ, ಎಂದಳು ನೆಲ್ಡಾ.
ಗ್ಯಾಸಿಗೇನು ಗೊತ್ತು.
ಅಂಚೆ ಡಬ್ಬಿಗೆ ಬರೀ ನಡುವಿನ ಗುಂಡು, ಎಸಳಿಲ್ಲ;
ಕಾಗದ ಬರುವುದೂ ಅಷ್ಟರಲ್ಲೇ ಇದೆ.
ಐದನೆಯದು ಯಾವ ಬೀಗದ್ದೋ, ಇಬ್ಬರಿಗೂ ನೆನಪಿಲ್ಲ,
ಎಸೆಯಲು ಮನಸ್ಸೂ ಇಲ್ಲ.

ಕಾಣದವಳಿಗೆ ಹಳದಿಯೇ ಯಾಕೆ, ಎಂದ ನೂಲಿನ ಅಂಗಡಿಯವನು.
ನನಗೆ ಕಾಣುತ್ತದಲ್ಲ, ಎಂದೆ.

ಭಾನುವಾರ ಮುಂಬಾಗಿಲಿನ ಹೂವು ಮುಗಿಯಿತು.
ಅವಳು ಹೆಬ್ಬೆರಳಲ್ಲಿ ಎಸಳೆಸಳು ತಡವಿ ಒಂದು ಸುತ್ತು ಬಂದಳು,
ಇನ್ನೊಂದು ಸುತ್ತು ಬಂದಳು. "ಆರು."
ನಾನು ಕತ್ತರಿಗೆ ಕೈ ಹಾಕಿದೆ.
"ನಿನಗೆ ಎಣಿಸೋಕೆ ಬರೋಲ್ಲ ಅಂತ ಮದುವೆ ದಿನವೇ ಗೊತ್ತಿತ್ತು.
ಬಿಚ್ಚಬೇಡ.
ಯಾವ ಬಾಗಿಲದ್ದೋ ತಿಳೀದ ಆ ಐದನೇದಕ್ಕೆ ಕಟ್ಟು,
ಅದಕ್ಕೂ ಒಂದು ಇರಲಿ."
ಬಾಲ ಅವಳೇ ಎಳೆದಳು. ಬಾಯಿ ಮುಚ್ಚಿತು.

ಐದೆಸಳಿನದು ಮಂಗಳವಾರಕ್ಕೆ ಆಯಿತು, ಒಂದೆಸಳು ಸೊಟ್ಟ.
ಗೊಂಚಲು ತೆಗೆದುಕೊಂಡು ಹೊರಗೆ ಹೋದಳು,
ಬಾಗಿಲು ಎಳೆದುಕೊಂಡಳು,
ಹೊರಗಿಂದಲೇ ಕೂಗಿದಳು: ರೇಡಿಯೋ ನಿಲ್ಲಿಸು.
ನಿಲ್ಲಿಸಿದೆ.

ಒಳಗಿನ ಚಿಲಕದಿಂದ ನನ್ನ ಕೈಗೆ ಗೇಣುದ್ದ.
ಆಚೆ ಲೋಹಕ್ಕೆ ಲೋಹ ತಾಗಿ ಸುಮ್ಮನಾಯಿತು.
ಕೆಳಗೆಲ್ಲೋ ನಾಯಿ, ಅದರ ಕೆಳಗೆ ಹಡಗಿನ ಕೂಗು.
ಕೈ ಹಿಂದೆ ಕಟ್ಟಿಕೊಂಡೆ, ಬಿಗಿಯಾಗಿ.
ಎರಡು ನಿಮಿಷವೋ, ಹೆಚ್ಚೋ;
ನನ್ನ ಲೆಕ್ಕವನ್ನು ಯಾರೂ ನಂಬಬೇಕಿಲ್ಲ.

ಬಾಗಿಲು ತೆರೆಯಿತು.
ಗಾಳಿ ಮೊದಲು ಬಂತು, ಆಮೇಲೆ ಅವಳು:
"ಗ್ಯಾಸಿಂದು ತೀರಾ ಚಿಕ್ಕದಾಯ್ತು.
ಇನ್ನೊಂದು ಮಾಡು."