ಟಿಪ್ಪಣಿಯಲ್ಲಿ ಬರೆಯದ್ದು

ಓಶ್ ಪಟ್ಟಣದ ಹಳೆಯ ಹೋಟೆಲು, ಎರಡನೆಯ ಮಹಡಿ.
ಮೇಜಿನ ಆ ಕಡೆ ಕೆಳಗಿನ ದೇಶ, ಈ ಕಡೆ ಮೇಲಿನ ದೇಶ,
ನಡುವೆ ಎರಡು ಪುಟ್ಟ ಬಾವುಟ, ಒಂದು ತಟ್ಟೆ ಬಾದಾಮಿ.
ಬಾದಾಮಿಗೆ ಯಾರೂ ಮೊದಲು ಕೈ ಹಾಕುವುದಿಲ್ಲ.
ನಾನು ಬರೆದುಕೊಳ್ಳುವವಳು.
ಹನ್ನೊಂದು ವರ್ಷದಿಂದ ಇದೇ ಕೆಲಸ:
ಆಡಿದ್ದನ್ನು ಬರೆಯುವುದು,
ಆಡಿಬಿಟ್ಟದ್ದನ್ನು ಬಿಡುವುದು.

ನಮ್ಮದು ಬೆಟ್ಟ, ಅವರದು ಹತ್ತಿ.
ನಮಗೆ ಚಳಿಗಾಲಕ್ಕೆ ಕರೆಂಟು ಬೇಕು, ನೀರು ಕಟ್ಟೆಯಲ್ಲಿ ನಿಲ್ಲಬೇಕು.
ಅವರಿಗೆ ಜುಲೈಗೆ ಬೇಕು, ಹರಿಯಬೇಕು.
ಇಷ್ಟೇ ಜಗಳ. ಇಷ್ಟನ್ನು ಹೇಳಲು
ನೂರ ನಲವತ್ತು ಪುಟ, ನಾಲ್ಕು ಅನುಬಂಧ,
ಇಬ್ಬರದೂ ಅಲ್ಲದ ರಷ್ಯನ್ ಭಾಷೆ.
ಎರವಲು ಮಾತಿನಲ್ಲಿ ಬೈದಾಡಿಕೊಂಡರೆ
ತಾಯಿನುಡಿಗೆ ಗಾಯವಾಗುವುದಿಲ್ಲ
ಎನ್ನುತ್ತಾರೆ ನಮ್ಮ ಮೆದೆರ್‌ಬೆಕ್.

"ಬಿಡತಕ್ಕದ್ದು" ಎಂದರು ದಿಲೋರೋಮ್ ಓಪಾ, ಕನ್ನಡಕ ಸರಿಸಿ.
"ಬಿಡಬಹುದು" ಎಂದರು ಮೆದೆರ್‌ಬೆಕ್.
ಆಮೇಲೆ ಆರು ಗಂಟೆ
ಒಂದು ಕ್ರಿಯಾಪದದ ಬಾಲ ಹಿಡಿದು ಎಳೆದಾಟ.
"ಸಾಧ್ಯವಾದಷ್ಟು" ಬಂತು, ಹೋಯಿತು.
"ಸದ್ಭಾವನೆಯಿಂದ" ಬಂತು, ಉಳಿಯಿತು;
ಅದಕ್ಕೆ ಯಾರ ಆಕ್ಷೇಪವೂ ಇಲ್ಲ,
ಅದರಿಂದ ಹತ್ತಿಯ ಒಂದು ಸಾಲೂ ನೆನೆಯುವುದಿಲ್ಲ.

ನಾನು ಬರೆದೆ: "ಉಭಯ ಪಕ್ಷಗಳು ಮುಕ್ತವಾಗಿ ಅಭಿಪ್ರಾಯ ಹಂಚಿಕೊಂಡವು."
ಅಂದರೆ, ಮೆದೆರ್‌ಬೆಕ್ ಪೆನ್ನು ಎಸೆದರು.
ಅದು ಬಾದಾಮಿ ತಟ್ಟೆಗೆ ಬಿತ್ತು.
ಆಮೇಲೆ ಎಲ್ಲರೂ ಬಾದಾಮಿ ತಿಂದರು.

ರಾತ್ರಿ ಒಂದೂವರೆಗೆ ವಿರಾಮ.
ಪಡಸಾಲೆಯ ಕಿಟಕಿಯಲ್ಲಿ ಅವರ ಸಿಗರೇಟು,
ಹಸಿರು ಚಹಾದ ಫ್ಲಾಸ್ಕು ಹಿಡಿದು ಬಂದರು ಈಕೆ.
ಕೇಳಿದ್ದು ಹೆಂಡತಿಯ ಡಯಾಲಿಸಿಸ್ ವಿಚಾರ.
"ಜನವರಿಯಲ್ಲಿ ಕರೆಂಟು ಹೋಯಿತು. ಯಂತ್ರ ನಿಂತಿತು.
ನರ್ಸು ಹಿಡಿ ಹಾಕಿ ಕೈಯಲ್ಲೇ ತಿರುಗಿಸಿದಳು, ನಲವತ್ತು ನಿಮಿಷ."
ಓಪಾ ಏನೂ ಅನ್ನಲಿಲ್ಲ.
ಬಟ್ಟಲಿಗೆ ಅರ್ಧವೇ ಚಹಾ ಸುರಿದರು.
ಈ ಸೀಮೆಯಲ್ಲಿ ಮರ್ಯಾದೆಯ ಅಳತೆ ಅದು;
ತುಂಬಿಸಿ ಕೊಟ್ಟರೆ, ಇನ್ನು ಹೊರಡಿ ಎಂದರ್ಥ.
ತುಸು ತಡೆದು:
"ನಮ್ಮ ಮಂತ್ರಿಗೆ ತಾರೀಖು ಮುಖ್ಯ. ಪ್ರಮಾಣ ಓದುವುದಿಲ್ಲ."
ಇವರು ಹೊಗೆ ಬಿಟ್ಟರು.
"ನಮ್ಮವರಿಗೆ ಪ್ರಮಾಣ. ಮತ್ತೆ ಚಳಿಗೆ ಕಲ್ಲಿದ್ದಲು."

ನನ್ನ ಪೆನ್ನು ಕೈಯಲ್ಲೇ ಇತ್ತು.
ಇಬ್ಬರೂ ನನ್ನತ್ತ ನೋಡಿದರು.
ನಾನು ಕಿಟಕಿಯಾಚೆ ನೋಡಿದೆ,
ಸುಲೈಮಾನ್ ಗುಡ್ಡದ ಮೇಲೆ ಒಂದು ದೀಪ.
ಹಾಗೆ ನೋಡುವುದಕ್ಕೂ ಸಂಬಳವಿದೆ.

ಬೆಳಿಗ್ಗೆ ಸಹಿ: "ಜುಲೈ ಹತ್ತರಿಂದ ನೀರು ಬಿಡಲಾಗುವುದು."
ಕರ್ತೃವಿಲ್ಲದ ವಾಕ್ಯ.
ಬಿಡುವವರು ಯಾರೆಂದು ಅದರಲ್ಲಿಲ್ಲ,
ಹಾಗಾಗಿ ಸೋತವರೂ ಇಲ್ಲ.
ಅವರ ಪತ್ರಿಕೆಯಲ್ಲಿ ಅವರು ಗೆದ್ದರು,
ನಮ್ಮದರಲ್ಲಿ ನಾವು.
ಮನೆಗೆ ಬಿಟ್ಟ ಟ್ಯಾಕ್ಸಿಯವನು ಕೇಳಿದ,
"ಅಲ್ಲಮ್ಮಾ, ಐದು ದಿನ ಕೂತು ಮಾಡುವುದೇನು ನೀವು?"
ಚಹಾ ಕುಡಿಯುತ್ತೇವೆ ಎಂದೆ.
ಸುಳ್ಳಲ್ಲ.

ಹತ್ತಕ್ಕೆ ತೂಬು ಏಳಲಿಲ್ಲ, ತುಕ್ಕು. ಹನ್ನೆರಡಕ್ಕೆ ಎದ್ದಿತು.
ಹನ್ನೊಂದರಂದೇ ಬಂದಿತ್ತು ಪ್ರತಿಭಟನೆಯ ಪತ್ರ,
"ತೀವ್ರ ಕಳವಳ", ಕೆಳಗೆ ಓಪಾ ಸಹಿ, ಇಸ್ತ್ರಿ ಹಾಕಿದಂಥ ಸಾಲುಗಳು.
ಪತ್ರ ತಂದ ಚಾಲಕನೇ ಕೊಟ್ಟದ್ದು
ಒಂದು ಬಟ್ಟೆಚೀಲ, ಒಣ ಏಪ್ರಿಕಾಟು.
ಪತ್ರಕ್ಕೆ ಕ್ರಮಸಂಖ್ಯೆ ಹಾಕಿದೆ. ಚೀಲಕ್ಕಿಲ್ಲ.
"ಒಳ್ಳೆಯ ಪತ್ರ" ಎಂದರು ಮೆದೆರ್‌ಬೆಕ್.
ಹಣ್ಣೊಂದನ್ನು ಜಗಿದು,
ಓಟೆಯನ್ನು ಕಾಗದದೊತ್ತಿನ ಗುಂಡಿನಿಂದ ಒಡೆದು
ಒಳಗಿನ ಬೀಜ ಬಾಯಿಗೆ ಹಾಕಿಕೊಂಡರು.
ಸಿಹಿಯಿತ್ತೋ ಕಹಿಯಿತ್ತೋ,
ಮುಖ ಹೇಳಲಿಲ್ಲ.