ಮೊಳೆ ಸಾಲದ ರಾತ್ರಿ

ಚಾರ್ಲ್ಸ್‌ಟನ್, ಡಿಸೆಂಬರ್ ೧೮೬೦

ಟೀಲ್ ಸಾಹೇಬನಿಗೆ ನನ್ನ ಮೇಲೊಂದು ನಂಬಿಕೆ:
ಮಿಂಗೊನಿಗೆ ಅಕ್ಷರದ ಆಕಾರ ಗೊತ್ತು, ಅರ್ಥ ಗೊತ್ತಿಲ್ಲ.
ಅಚ್ಚುಕೂಟಕ್ಕೆ ಇಂಥ ಆಳು ಸಿಗುವುದು ಅಪರೂಪ.
ತಿಂಗಳಿಗೆ ಹತ್ತು ಡಾಲರ್ ಬಾಡಿಗೆ,
ಅದು ಸೇರುವುದು ನನ್ನ ಒಡತಿಯ ಗಂಟಿಗೆ.

ನಾನು ಓದು ಕಲಿತದ್ದು ಹಿಂದುಮುಂದಾಗಿ.
ಕಬ್ಬಿಣದ ಚೌಕಟ್ಟಿನೊಳಗೆ ಎಡವೆಲ್ಲ ಬಲ.
ಕಾಗದದ ಮೇಲೆ ನೆಟ್ಟಗಾಗುವ ಮೊದಲೇ
ಈ ಊರಿನ ಸುದ್ದಿ ನನಗೆ ಮುಟ್ಟುತ್ತದೆ,
ಬೆನ್ನ ಕಡೆಯಿಂದ.

ಮೊನ್ನೆ ಸಭೆಯಲ್ಲಿ ಹೆಸರು ಹಿಡಿದು ಕೂಗಿದರಂತೆ.
ನೂರ ಅರವತ್ತೊಂಬತ್ತು ಗಂಟಲು, ಒಂದೇ ಹೂಂ.
ಉಹೂಂ ಅನ್ನುವವನು ಒಳಗೆ ಒಬ್ಬನೂ ಇರಲಿಲ್ಲ.
ಅನ್ನಬಹುದಾಗಿದ್ದವರು
ಹೊರಗೆ ಕುದುರೆ ಹಿಡಿದು ನಿಂತಿದ್ದರು.

ಆಮೇಲೆ ಗಂಟೆಗಳು. ಬೀದಿಯಲ್ಲಿ ಉರಿಯುವ ರಾಳದ ಪೀಪಾಯಿಗಳು.
ಎಪ್ಪತ್ತೆರಡು ವರ್ಷದ ಕೂಡುಕುಟುಂಬ ಪಾಲಾಗುವಾಗ
ಇಷ್ಟು ಕುಣಿದವರನ್ನು ನಾನು ಕಂಡಿಲ್ಲ.
ಬಂದರಿನ ಸುಂಕ ಯಾರಿಗೆ, ಅಂಚೆ ಯಾರದು,
ನೀರಿನ ನಡುವಿನ ಕೋಟೆ ಯಾರ ಹಿಸ್ಸೆಗೆ,
ಇನ್ನೂ ಮಾತಾಗಿಲ್ಲ.

ಮೊದಲು ಬಿಟ್ಟರು. ಕಾರಣ ಬರೆದದ್ದು ಆಮೇಲೆ.
ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಬಂತು ನಮ್ಮ ಮೇಜಿಗೆ,
ಮಸಿ ಆರದ ಹಸ್ತಪ್ರತಿ, ಅಂಚಿನಲ್ಲಿ ಯಾರದೋ ವೈನಿನ ಕಲೆ.

ಮೊದಲ ಹಾಳೆಯಲ್ಲಿ ಅಜ್ಜಂದಿರು, ದೊರೆ, ಹಳೆಯ ಯುದ್ಧ.
ಮುಂದಿನದರಲ್ಲಿ ಕರಾರು: ಒಬ್ಬ ಮುರಿದರೆ
ಇನ್ನೊಬ್ಬನಿಗೆ ಹಂಗಿಲ್ಲ.
ಸರಿ, ಏನು ಮುರಿದರು ಎಂದು ನಾನೂ ಕಾದೆ,
ಕೈಯಲ್ಲಿ ಮೊಳೆ, ಮುಖದಲ್ಲಿ ಏನೂ ಇಲ್ಲ.

ಓಡಿಹೋದ ಆಳುಗಳನ್ನು
ಉತ್ತರದವರು ಹಿಡಿದು ಕಳಿಸುತ್ತಿಲ್ಲವಂತೆ.

ಅರೆ, ಇದು ನಾನು.
ಇಷ್ಟು ದೊಡ್ಡ ದೇಶ ನನ್ನ ಎರಡು ಕಾಲಿನ ಬಗ್ಗೆ
ಜಗಳವಾಡಿದೆ, ಕಾಲನ್ನು ಕೇಳದೆ.
ಹಕ್ಕು ಎಂದರು, ಮಾನ ಎಂದರು, ಸುಂಕವೆಂದರು ಬೀದಿಯಲ್ಲಿ;
ಹಾಳೆಯ ಮೇಲೆ ಮಾತ್ರ ಅವರು ಸುಳ್ಳು ಬರೆದಿಲ್ಲ.
ಒಡೆಯರು ಒಡೆಯುತ್ತಿರುವುದು
ಒಡೆತನ ಒಡೆಯದಿರಲಿ ಎಂದು.

ನಡುರಾತ್ರಿಗೆ ಒಂದು ಮೊಳೆ ಖಾಲಿಯಾಯಿತು:
ಹಾವು ಅರೆಸುತ್ತು ಸುತ್ತಿ ಮಲಗಿದಂಥ ಅಕ್ಷರ.
ಅವರ ಭಾಷೆಯಲ್ಲಿ ರಾಜ್ಯಕ್ಕೂ ಅದೇ ಮೊದಲು,
ಗುಲಾಮನಿಗೂ ಅದೇ. ಎಷ್ಟಿದ್ದರೆ ಸಾಕು?
‘ಹಳೆಯ ಪುಟ ಯಾವುದಾದರೂ ಬಿಚ್ಚು’ ಎಂದ ಟೀಲ್,
ಆಕಳಿಸುತ್ತ.

ಮೂಲೆಯಲ್ಲಿತ್ತು, ಹುರಿ ಸುತ್ತಿಟ್ಟದ್ದು,
ನವೆಂಬರಿನ ಹರಾಜಿನ ಜಾಹೀರಾತು.
*ಬೈನಾ. ಹತ್ತೊಂಬತ್ತು. ಹೊಲಿಗೆಯವಳು. ಹಲ್ಲು ಗಟ್ಟಿ.
ಮಗು ಬೇಕಾದವರಿಗೆ ಬೇರೆ ದರ.*
ನನ್ನ ತಂಗಿ.
ಅಂದು ಆ ಪುಟಕ್ಕೆ ಮಸಿ ಬಳಿದವನೂ ನಾನೇ;
ಅಲಬಾಮಾದ ರೈಲಿಗೆ ಅವಳನ್ನು ಹತ್ತಿಸುವಾಗ
ಉಗುರಿನ ಸಂದಿಯಲ್ಲಿ ಆ ಮಸಿ ಇನ್ನೂ ಇತ್ತು.

ಹೊಲಿಗೆಯವಳು ಅನ್ನುವ ಅವರ ಒಂದೇ ಮಾತಿನಲ್ಲಿ
ನಾಲ್ಕು ಹಾವು ಸಿಕ್ಕವು.
ಚಿಮಟದಲ್ಲಿ ಎತ್ತಿದೆ, ಒರೆಸಿದೆ.
ಒಂದನ್ನು ರಾಜ್ಯದ ತಲೆಗೆ ಸಿಕ್ಕಿಸಿದೆ,
ಇನ್ನೊಂದು ಸಾರ್ವಭೌಮಕ್ಕೆ ಹೋಯಿತು.
ಮೂರನೆಯದನ್ನು ಬೇಕೆಂದೇ ತಲೆಕೆಳಗಾಗಿ ಇಟ್ಟೆ.
ಹಾಗೇ ಕಾಣುತ್ತದೆ ಅದು. ಯಾರಿಗೂ ತಿಳಿಯಲಿಲ್ಲ.
ನಾಲ್ಕನೆಯದು ಈಗಲೂ ನನ್ನ ದವಡೆಯ ಪಕ್ಕ ಇದೆ,
ಸೀಸದ ಒಗರು.
‘ಚೂರೂ ಚೆಲ್ಲಬೇಡ, ಸೀಸಕ್ಕೆ ಮುಂದೆ ಬೇರೆ ಕೆಲಸವಿದೆ’
ಅಂದಿದ್ದ ಟೀಲ್, ಕಿಟಕಿಯಾಚೆ
ಕೋಟೆಯ ದೀಪ ನೋಡುತ್ತ.

ಹೊಸ ವರ್ಷ ಬಂತು, ದೂತರು ಹೊರಟರು,
ಜಾರ್ಜಿಯಾಕ್ಕೊಬ್ಬ, ಮಿಸಿಸಿಪ್ಪಿಗೊಬ್ಬ.
ಪಂಕ್ತಿಯಲ್ಲಿ ಒಬ್ಬ ಎದ್ದರೆ ಸಾಕಲ್ಲ.
ಅಲಬಾಮಾದ ಕಟ್ಟನ್ನು ಹೆಗಲ ಮೇಲೆ ಹೊತ್ತು
ನಾನೇ ರೈಲಿಗೆ ಹಾಕಿಬಂದೆ.
ಅದರೊಳಗೆ ಬೈನಾಳ ಅಕ್ಷರಗಳಿವೆ.

ಅವಳಿಗೆ ಓದು ಬಾರದು.
ಹೊಲಿಗೆ ಬರುತ್ತದೆ.
ಹೊಸ ಬಾವುಟಕ್ಕೆ ಕೈ ಚುರುಕಿನವರನ್ನು
ಹುಡುಕುತ್ತಿರಬಹುದು ಈಗ ಅಲ್ಲಿ.