ಗಂಟೆ ಬಾರಿಸಬಾರದ ದಿನ

ಫರಾಫೆನ್ನಿಯ ಸಂತೆಬೀದಿ, ಹಳೇ ಟೈರು ತೂಗುಬಿಟ್ಟ ಬೇವಿನ ಮರ,
ಅದರ ನೆರಳಿನಷ್ಟೇ ನನ್ನ ಅಂಗಡಿ.
ಬೆಳಗ್ಗೆ ಆಚೆ, ಸಂಜೆ ಈಚೆ ಸರಿಯುತ್ತದೆ.
ಸೈಕಲ್ ರಿಪೇರಿ. ಹೆಸರು ಲಾಂಡಿಂಗ್.

ನಮ್ಮ ಗ್ಯಾಂಬಿಯಾದಲ್ಲಿ ಓಟೆಂದರೆ ಚೀಟಿಯಲ್ಲ,
ಒಂದು ಗಾಜಿನ ಗೋಲಿ.
ಬಣ್ಣ ಬಳಿದ ಡ್ರಮ್ಮಿನ ಕೊಳವೆಗೆ ಬಿಟ್ಟರೆ
ಒಳಗೆಲ್ಲೋ ಗಂಟೆಗೆ ತಾಗಿ
ಟಿಣ್.
ಹೊರಗೆ ಕೂತ ಅಧಿಕಾರಿಗೆ ಕಣ್ಣಿನ ಕೆಲಸವಿಲ್ಲ, ಕಿವಿಯದೇ.
ತಲೆಗೊಂದು ಟಿಣ್. ಎರಡು ಕೇಳಿದರೆ ಕಳ್ಳ.
ಅದಕ್ಕೇ ಆ ದಿನ ಬೂತಿನ ಸುತ್ತ ಸೈಕಲ್ಲಿಗೆ ನಿಷೇಧ.
ನನ್ನ ಹೊಟ್ಟೆಪಾಡಿನ ಸದ್ದೂ ದೇಶದ ಸದ್ದೂ
ಒಂದೇ ಶ್ರುತಿ ನೋಡಿ,
ಮುಚ್ಚಿಕೊಂಡಿರಬೇಕಾದವನು ನಾನು.

ಹಿಂದಿನ ವಾರವೆಲ್ಲ ಬೆಂಚಿನಲ್ಲಿ ಜಾಗವಿರಲಿಲ್ಲ.
ಪಂಕ್ಚರ್ ಆದವರು ಬಂದರು,
ಸೈಕಲ್ಲೇ ಇಲ್ಲದವರು ಇನ್ನೂ ಬೇಗ ಬಂದರು.
ಮಸನ್ನೆ ಚಹಾ ಕುದಿಸಿ
ಲೋಟದಿಂದ ಲೋಟಕ್ಕೆ ಮಾರುದ್ದ ಎತ್ತಿ ಸುರಿಯುತ್ತ ಹೇಳಿದ:
"ಅಕ್ಕಿಮೂಟೆ ಎಷ್ಟಾಯ್ತು, ಅದನ್ನ ಮಾತಾಡಿ.
ಮಿಕ್ಕಿದ್ದೆಲ್ಲ ಈ ನೊರೆ."

ಹೊಗೆಮೀನಿನ ಹದ್ದಿ ತಲೆಮೇಲಿನ ಬುಟ್ಟಿ ಇಳಿಸದೆಯೇ ಜಗಳಕ್ಕೆ ನಿಂತಳು.
"ಬೊಂಗಾ ಬಡವರ ಮೀನು ಅಂತಿದ್ರು.
ಈಗದು ಕಡಲ ದಂಡೇಲಿ ಹಿಟ್ಟಾಗಿ, ಹಡಗು ಹತ್ತಿ
ಯಾವುದೋ ದೇಶದ ಕೋಳಿಗೆ ಹೋಗುತ್ತೆ.
ಆ ಕೋಳಿಗೆ ಇಲ್ಲಿ ಓಟಿದೆಯಾ?
ಇರಬೇಕಪ್ಪ, ಅದರ ಮಾತೇ ನಡೀತಿದೆಯಲ್ಲ!"

"ಸೇತುವೆ ಬಂತಲ್ಲ," ಅಂದರು ಸಂಕುಂಗ್ ಮೇಷ್ಟ್ರು, ಸ್ವಲ್ಪ ಮೆಲ್ಲಗೆ.
"ಬಂತು. ಫೆರ್ರಿ ಕಾಯುವವರಿಗೆ ಗೋಡಂಬಿ ಮಾರ್ತಿದ್ದ ನನ್ನ ತಂಗಿ
ಇನ್ನು ಯಾರಿಗೆ ಮಾರಬೇಕು, ಗಾಳಿಗಾ?"
"ಹೆರಿಗೆ ನೋವಿನವಳು ಹೊಳೆ ದಂಡೆಯಲ್ಲಿ ರಾತ್ರಿ ಕಳೆಯೋದು ತಪ್ಪಿತಲ್ಲ?"
ಇಬ್ಬರ ಮಾತೂ ಸುಳ್ಳಲ್ಲ.
ಯಾರ ಕಡೆ ತಲೆ ಆಡಿಸಲಿ?
ನಾನು ಬೋಗುಣಿಯ ನೀರಿನಲ್ಲಿ ಟ್ಯೂಬು ಅದ್ದಿ
ಗುಳ್ಳೆ ಎಲ್ಲಿಂದ ಬರುತ್ತದೆಂದು ಹುಡುಕುತ್ತಿದ್ದೆ.

ಎಲ್ಲರೂ ಎದ್ದ ಮೇಲೆ ಬಂದಳು ನ್ಯಾಲೆನಜ್ಜಿ.
ಸೆರಗಿನ ಗಂಟಿನಲ್ಲಿ ಎರಡು ಮತದಾರರ ಕಾರ್ಡು.
ಒಂದು ಅವಳದು.
ಇನ್ನೊಂದು ಸೈಹೂನದು,
ಹಿಂದಾರಿಯಲ್ಲಿ ಹೊರಟ ಮೊಮ್ಮಗ:
ಮರಳುಗಾಡು, ಲಿಬಿಯಾ, ರಬ್ಬರಿನ ದೋಣಿ.
ನನ್ನಲ್ಲೇ ಬ್ರೇಕು ಹಾಕಿಸಿಕೊಂಡು ಹೋದವನು.
ಹದಿನಾಲ್ಕು ತಿಂಗಳಿಂದ ಫೋನು ಬಂದಿಲ್ಲ.
"ಅವನ ಗೋಲಿ ನಾನು ಹಾಕಬಹುದಾ, ಲಾಂಡಿಂಗ್?"
"ಒಬ್ಬರಿಗೆ ಒಂದೇ, ಅಜ್ಜಿ."
"ಗೊತ್ತು. ಸುಮ್ಮನೆ ಕೇಳಿದೆ."

ಓಟಿನ ದಿನ ಸಾಲಿನಲ್ಲಿ ಅವಳು ನನ್ನ ಮುಂದೆ.
ಒಳಗೆ ಹೋದಳು.
ಟಿಣ್.
ಆಮೇಲೆ ಹೊರಗೆ ಬರಲಿಲ್ಲ.
ಅಧಿಕಾರಿಯ ಪೆನ್ನು ನಿಂತಿತು,
ಮೇಷ್ಟ್ರ ಕೆಮ್ಮು ನಿಂತಿತು,
ಸಾಲಿಗೆ ಸಾಲೇ ಕಿವಿಯಾಗಿ ಕಾದೆವು.
ಎರಡನೆಯದು ಕೇಳಲಿಲ್ಲ.
ಶಾಯಿ ಬೆರಳನ್ನು ಮೈಗೆ ತಾಗಿಸದಂತೆ ದೂರ ಹಿಡಿದು ಬಂದಳು,
ಆ ಕೈ ತನ್ನದಲ್ಲವೆಂಬಂತೆ.

ನನ್ನ ಸರದಿ. ಯಾವ ಬಣ್ಣದ ಡ್ರಮ್ಮೆಂದು ಹೇಳುವುದಿಲ್ಲ.
ಹೆಂಡತಿಗೂ ಹೇಳಿಲ್ಲ.
ಐದು ವರ್ಷದ ಕೂಗಾಟ, ಚಹಾ, ಅಕ್ಕಿ, ಕೋಳಿ,
ಎಲ್ಲ ಸೇರಿ ಅಷ್ಟೇ ಸದ್ದು.
ಒಂದು ಮಾತ್ರ ಗೊತ್ತಾಯಿತು:
ಆ ಗಂಟೆಯ ಸ್ಪ್ರಿಂಗು ಸಡಿಲ, ಒಂದು ಹನಿ ಎಣ್ಣೆ ಬೇಕು.
ಹೇಳೋಣವೆಂದುಕೊಂಡೆ. ಯಾರಿಗೆ?

ಸಂಜೆ ಡ್ರಮ್ಮು ಬೋರಲು ಹಾಕಿ
ತೂತಿನ ಹಲಗೆಯಲ್ಲಿ ಗೋಲಿ ತುಂಬಿ ಎಣಿಸಿದರು.
ಹದ್ದಿಯ ಸಿಟ್ಟು ಯಾವುದು, ಮೇಷ್ಟ್ರ ಸೇತುವೆ ಯಾವುದು,
ಗುರುತು ಹತ್ತಲಿಲ್ಲ.
ಗೆದ್ದವರು ಡೋಲು ಹೊಡೆದರು, ಸೋತವರು ಬೇಗ ಮಲಗಿದರು.

ಮಾರನೆಯ ಬೆಳಗ್ಗೆ ಶಾಲೆಯ ಹುಡುಗನೊಬ್ಬ
ಉದುರಿದ ಗಂಟೆಯನ್ನು ಜೇಬಿನಲ್ಲಿಟ್ಟುಕೊಂಡು ಸೈಕಲ್ ತಳ್ಳಿ ತಂದ.
ತಿರುಪು ಬಿಗಿದು, ಎಣ್ಣೆ ಬಿಟ್ಟು, ಒತ್ತಿ ನೋಡಿದೆ.
ಬೀದಿಯಾಚೆ ಸೊಪ್ಪು ಹರಡುತ್ತಿದ್ದ ನ್ಯಾಲೆನಜ್ಜಿ ತಲೆಯೆತ್ತಿದಳು.

"ಸರಿಯಾಯ್ತಲ್ಲ, ಕೊಡಿ," ಅಂದ ಹುಡುಗ.
ತಾಳು ಮರಿ, ಅಂದೆ.
ಇವತ್ತು ನಿಷೇಧವಿಲ್ಲ.
ಇನ್ನೊಂದು ಸಲ ಒತ್ತಿದೆ.